ಲ್ಯಾಬ್ ಇದ್ದರೆ ಸಾಲದು, ಕೈಗೆ ಸಿಗಬೇಕು

ಪಿಯುಸಿ ಫಲಿತಾಂಶ ಬಂದ ಮೇಲೆ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಲ್ಲಿ ಕಾಲೇಜುಗಳ ಫ್ಲೆಕ್ಸ್ ಏಳುತ್ತವೆ. ಸ್ಮಾರ್ಟ್ ಕ್ಲಾಸ್, ವೈಫೈ ಕ್ಯಾಂಪಸ್, ಹೈಟೆಕ್ ಲ್ಯಾಬ್. ಅಡಿಕೆ, ಕೊಬ್ಬರಿ ಮಾರಿದ ದುಡ್ಡಿನಲ್ಲೋ ಬ್ಯಾಂಕ್ ಸಾಲದಲ್ಲೋ ಫೀಸ್ ಕಟ್ಟುವವರು ಈ ಮಾತನ್ನು ಹೇಗೆ ತೂಗಬೇಕು? ನಮ್ಮ ಜಿಲ್ಲೆ ನಡೆದು ಬಂದ ದಾರಿಯನ್ನು ನೋಡಿದರೆ ಒಂದು ಅಳತೆ ಸಿಗುತ್ತದೆ.

ಹಿರಿಯೂರಿನ ಹತ್ತಿರ ವೇದಾವತಿಗೆ ಕಟ್ಟಿದ ಮಾರಿಕಣಿವೆ ಅಣೆಕಟ್ಟು 1907ರಲ್ಲಿ ಮುಗಿಯಿತು. ಅಷ್ಟು ದೊಡ್ಡ ಕೆಲಸ ಇಲ್ಲಿ ನಡೆದಾಗ ಮೈಸೂರು ಸಂಸ್ಥಾನದಲ್ಲಿ ಪದವಿ ಕೊಡುವ ಇಂಜಿನಿಯರಿಂಗ್ ಕಾಲೇಜೇ ಇರಲಿಲ್ಲ. ವಿಶ್ವೇಶ್ವರಯ್ಯನವರೂ ಇಂಜಿನಿಯರಿಂಗ್ ಓದಿದ್ದು ಪುಣೆಯಲ್ಲಿ. ಅವರು ದಿವಾನರಾಗಿದ್ದಾಗ, 1917ರಲ್ಲಿ, ಬೆಂಗಳೂರಿನಲ್ಲಿ ಕಾಲೇಜು ಶುರುವಾಯಿತು. ಆಗ ಹಳ್ಳಿಯವರಿಗೆ ಇದ್ದ ತೊಡಕು ದೂರ.

ಆ ದೂರ ಕಡಿಮೆಯಾಗಿದ್ದು 1951ರಲ್ಲಿ, ದಾವಣಗೆರೆಯಲ್ಲಿ ಬಿಡಿಟಿ ಇಂಜಿನಿಯರಿಂಗ್ ಕಾಲೇಜು ಆರಂಭವಾದಾಗ. ದಾವಣಗೆರೆ ಆಗ ಚಿತ್ರದುರ್ಗ ಜಿಲ್ಲೆಗೇ ಸೇರಿತ್ತು. ಬೇರೆ ಜಿಲ್ಲೆಯಾಗಿದ್ದು 1997ರಲ್ಲಿ. 1980ರಲ್ಲಿ ದುರ್ಗದಲ್ಲೇ ಎಸ್‌ಜೆಎಂ ತಾಂತ್ರಿಕ ಕಾಲೇಜು ಬಂತು. ಆ ಕಾಲದ ಇಂಜಿನಿಯರಿಂಗ್ ಕಾಲೇಜಿನಲ್ಲಿ ತಂತ್ರಜ್ಞಾನ ಎಂದರೆ ವರ್ಕ್‌ಶಾಪ್: ಲೇತ್, ಅರ, ಗರಗಸ, ಡ್ರಾಯಿಂಗ್ ಬೋರ್ಡ್. ಕಬ್ಬಿಣದ ತುಂಡನ್ನು ವಿದ್ಯಾರ್ಥಿಯೇ ಅರದಲ್ಲಿ ಉಜ್ಜಿ ಅಳತೆಗೆ ತರಬೇಕಿತ್ತು. ನೋಡಿ ಕಲಿಯುವ ವಿದ್ಯೆ ಅದಲ್ಲ.

ಮುಂದಿನ ಹೆಜ್ಜೆ ಆಕಾಶದಿಂದ ಬಂತು. 1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಹುಟ್ಟಿತು. 2004ರ ಸೆಪ್ಟೆಂಬರ್‌ನಲ್ಲಿ ಇಸ್ರೊ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿಸಿತು. ಅದರ ಪ್ರಯೋಗದಲ್ಲಿ ಮೊದಲೇ ಸೇರಿದವರಲ್ಲಿ ಈ ವಿಶ್ವವಿದ್ಯಾಲಯವೂ ಒಂದು. ಒಬ್ಬ ಮೇಷ್ಟ್ರು ಸ್ಟುಡಿಯೋದಲ್ಲಿ ನಿಂತರೆ ಹಲವು ಊರಿನ ಕಾಲೇಜಿಗೆ ಪಾಠ. ಉಪನ್ಯಾಸಕರ ಕೊರತೆ ಇರುವ ಕಡೆಗೆ ಒಳ್ಳೆಯ ಯೋಚನೆಯೇ. ಆದರೆ ಆ ಉಪಗ್ರಹದ ಕೆಲಸ 2010ಕ್ಕೆ ಮುಗಿಯಿತು. ಉಪಕರಣಕ್ಕೂ ಆಯಸ್ಸಿದೆ, ಅದು ನಿಂತ ಮೇಲೆ ಉಳಿಯುವುದು ತರಗತಿಯ ಮೇಷ್ಟ್ರು.

ಕೊರೋನಾ ಕಾಲದಲ್ಲಿ, 2021ರಲ್ಲಿ, ರಾಜ್ಯ ಸರ್ಕಾರ ತನ್ನ ಪದವಿ, ಪಾಲಿಟೆಕ್ನಿಕ್, ಇಂಜಿನಿಯರಿಂಗ್ ಕಾಲೇಜುಗಳ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ ಕೊಟ್ಟಿತು. ಟ್ಯಾಬ್ ಕೈಗೆ ಬಂತು, ಆದರೆ ನೆಟ್‌ವರ್ಕ್ ಎಲ್ಲ ಹಳ್ಳಿಗೂ ಬರಲಿಲ್ಲ. ಸಿಗ್ನಲ್ ಹುಡುಕಿ ಮಾಳಿಗೆ ಹತ್ತಿದ್ದು ಹಲವರಿಗೆ ನೆನಪಿರಬಹುದು.

ಪ್ರತಿ ಕಾಲದಲ್ಲೂ ಪ್ರಶ್ನೆ ಒಂದೇ: ಇರುವ ಸೌಕರ್ಯ ವಿದ್ಯಾರ್ಥಿಯ ಕೈಗೆ ಎಷ್ಟು ಸಿಕ್ಕಿತು?

ಇವತ್ತು ಇದನ್ನು ತಿಳಿಯಲು ದಾರಿಯಿದೆ. ಕಾಲೇಜುಗಳನ್ನು ಅಳೆಯುವ ನ್ಯಾಕ್ ಸಂಸ್ಥೆ 1994ರಿಂದ ಬೆಂಗಳೂರಿನಲ್ಲಿದೆ. ಅದರ ಮಾನ್ಯತೆ ಪಡೆದ ಕಾಲೇಜಿನ ವೆಬ್‌ಸೈಟಿನಲ್ಲಿ 'ಎಸ್‌ಎಸ್‌ಆರ್' ಎಂಬ ವರದಿ ಹುಡುಕಿ. ಏಳು ಮಾನದಂಡಗಳಲ್ಲಿ ನಾಲ್ಕನೆಯದು ಮೂಲಸೌಕರ್ಯದ್ದು. ಎಷ್ಟು ವಿದ್ಯಾರ್ಥಿಗಳಿಗೆ ಒಂದು ಕಂಪ್ಯೂಟರ್, ಇಂಟರ್ನೆಟ್ ವೇಗ ಎಷ್ಟು ಎಂಬ ಲೆಕ್ಕ ಅಲ್ಲಿರುತ್ತದೆ. ವರದಿ ಯಾವ ವರ್ಷದ್ದು ಎಂಬುದನ್ನೂ ನೋಡಿ.

ಆಮೇಲೆ ಒಂದು ದಿನ ಕಾಲೇಜಿಗೇ ಹೋಗಿ. ಆಫೀಸಿನಲ್ಲಿ ಕೇಳುವ ಮೊದಲು ಎರಡನೇ ವರ್ಷದ ವಿದ್ಯಾರ್ಥಿಗಳನ್ನು ಕೇಳಿ. ವಾರಕ್ಕೆ ಎಷ್ಟು ಗಂಟೆ ಲ್ಯಾಬ್? ಒಂದು ಕಂಪ್ಯೂಟರಿಗೆ ಒಬ್ಬರೋ ಮೂವರೋ? ಕರೆಂಟ್ ಹೋದರೆ ಏನು ಗತಿ? ಕೆಟ್ಟ ಉಪಕರಣ ರಿಪೇರಿಯಾಗಲು ಎಷ್ಟು ದಿನ? ವೈಫೈ ಪಾಸ್‌ವರ್ಡ್ ವಿದ್ಯಾರ್ಥಿಗಳಿಗೂ ಕೊಡುತ್ತಾರಾ? ಬಸ್ಸಿನಲ್ಲಿ ಓಡಾಡುವವರು ಇನ್ನೊಂದು ಕೇಳಬೇಕು: ಲ್ಯಾಬ್, ಲೈಬ್ರರಿ ತೆರೆದಿರುವ ಹೊತ್ತಿಗೂ ನಮ್ಮೂರಿನ ಕೊನೆಯ ಬಸ್ಸಿಗೂ ಹೊಂದುತ್ತದಾ?

ಕೋರ್ಸಿಗೆ ತಕ್ಕಂತೆ ಸೌಕರ್ಯವೂ ಬೇರೆ. ಹಿರಿಯೂರಿನ ಬಬ್ಬೂರು ಫಾರಂನಲ್ಲಿರುವ ತೋಟಗಾರಿಕೆ ಕಾಲೇಜಿನಲ್ಲಿ ತೋಟವೇ ದೊಡ್ಡ ಲ್ಯಾಬ್. ಬಿಕಾಂ ಓದುವವರಿಗೆ ಲೆಕ್ಕಪತ್ರದ ಸಾಫ್ಟ್‌ವೇರ್ ಮುಂದೆ ಕೂರುವ ಅವಕಾಶ ಮುಖ್ಯ, ಗೋಡೆಯ ದೊಡ್ಡ ಪರದೆ ಅಲ್ಲ. ಮಗಳೋ ಮಗನೋ ಏನು ಓದಬೇಕೆಂದಿದ್ದಾರೆ ಎಂಬುದನ್ನು ಮೊದಲು ತೀರ್ಮಾನಿಸಿ, ಅದಕ್ಕೆ ಬೇಕಾದ ಉಪಕರಣದ ಮುಂದೆ ನಿಂತು ನೋಡಿ. ಫೀಸ್ ಕಟ್ಟುವುದು ಅದಾದ ಮೇಲೆ.