ಎಸ್ತಿರಾರ್
ಎಳೆ, ಚಾಚು, ಹಿಗ್ಗಿಸು ಎಂಬರ್ಥದ ಸ್ಪ್ಯಾನಿಷ್ ಮತ್ತು ಪೋರ್ಚುಗೀಸ್ ಕ್ರಿಯಾಪದ. ಕನ್ನಡದ ‘ಇಸ್ತ್ರಿ’, ತಮಿಳಿನ ‘ಇಸ್ತಿರಿ’ ಇದರಿಂದ ಬಂದವೆಂಬುದು ನಿಘಂಟುಗಳಲ್ಲಿ ರೂಢಿಯಾದ ಅಭಿಪ್ರಾಯ. 16ನೇ ಶತಮಾನದಲ್ಲೇ ಪೋರ್ಚುಗೀಸರು ಗೋವೆಯಲ್ಲೂ ಚೆನ್ನೈನ ಮೈಲಾಪುರದಲ್ಲೂ ನೆಲೆಸಿದ್ದರಿಂದ ಪದ ಬರಲು ದಾರಿಯಿತ್ತು. ಇಂದಿನ ಪೋರ್ಚುಗೀಸಿನಲ್ಲಿ ಇಸ್ತ್ರಿ ಹಾಕುವುದಕ್ಕೆ ಬೇರೆಯೇ ಮಾತಿದೆಯಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಬಿಳಿ ಬಟ್ಟೆಗೆ ಹಗುರವಾಗಿ ಇಸ್ತ್ರಿ ಹಾಕಿ ಸುಕ್ಕು ತೆಗೆಯುವ ಅರ್ಥವನ್ನು ಸ್ಪ್ಯಾನಿಷ್ ನಿಘಂಟು ಇದೇ ಕ್ರಿಯಾಪದಕ್ಕೆ ಕೊಡುತ್ತದೆ. ಸಂಸ್ಕೃತದ ‘ಸ್ತೃ’ ಧಾತುವಿಗೂ ಹರಡುವ ಅರ್ಥವಿದೆ, ನಿಜ. ಅದು ನಮಗೆ ‘ಸ್ತರ’, ‘ವಿಸ್ತಾರ’ಗಳನ್ನು ಕೊಟ್ಟಿತು, ಇಸ್ತ್ರಿಪೆಟ್ಟಿಗೆಯತ್ತ ಸುಳಿದಂತೆ ಕಾಣದು. ಕ್ರಿಯಾಪದ ನಾಮಪದವಾದದ್ದೂ ವಿಚಿತ್ರವಲ್ಲ: ಪರಭಾಷೆಯ ಪದಕ್ಕೆ ‘ಮಾಡು’, ‘ಹಾಕು’ ಜೋಡಿಸಿಕೊಳ್ಳುವುದು ಕನ್ನಡದ ಹಳೆಯ ಚಾಳಿ. ಸ್ಪ್ಯಾನಿಷ್ ಆಡುಮಾತಿನಲ್ಲಿ ‘ಎಸ್ತಿರಾರ್ ಲಾ ಪಾತಾ’, ಅಂದರೆ ಕಾಲು ಚಾಚುವುದು, ನಮ್ಮ ‘ಗೊಟಕ್ ಎನ್ನುವುದು’.