ಮನೆಯ ಹಾಡು: ಗ್ರಾಮೋಫೋನಿನಿಂದ ಅಂತರ್ಜಾಲದವರೆಗೆ

ಪಟ್ಟಾಭಿಷೇಕ, ಯುದ್ಧ, ಒಪ್ಪಂದಗಳೇ ಇತಿಹಾಸವೆಂದು ನಾವೆಲ್ಲರೂ ಶಾಲೆಯಲ್ಲಿ ಕಲಿತವರು. ಆದರೆ ಒಂದು ಮನೆತನವು ಸಂಜೆಯ ಹೊತ್ತು ಯಾವ ಹಾಡನ್ನು, ಹೇಗೆ ಕುಳಿತು ಕೇಳುತ್ತಿತ್ತು ಎಂಬುದಕ್ಕೂ ಒಂದು ಇತಿಹಾಸವುಂಟು. ಗೋದಾವರಿಯ ದಂಡೆಯ ನಾಸಿಕದಲ್ಲಿ ಬೆಳೆದು, ಬ್ಯಾಂಕಿನ ವರ್ಗಾವಣೆಯಿಂದ ಈಗ ಛತ್ರಪತಿ ಸಂಭಾಜಿನಗರದಲ್ಲಿ ನೆಲೆಸಿರುವ ನಾವು, ಆ ಇತಿಹಾಸವನ್ನು ವಾಚಕರ ಮುಂದಿಡಲು ಯತ್ನಿಸುತ್ತೇವೆ.

ನಮ್ಮ ದೇಶದಲ್ಲಿ ಗ್ರಾಮೋಫೋನ್ ಕಂಪನಿಯವರು ಹಾಡುಗಳನ್ನು ಮುದ್ರಿಸಿಕೊಳ್ಳಲು ತೊಡಗಿದ್ದು 1902ರಲ್ಲಿ, ಕಲಕತ್ತೆಯಲ್ಲಿ. ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷಗಳಷ್ಟೇ ಹಾಡು. ಯಂತ್ರವು ಉಳ್ಳವರ ಮನೆಯ ವಸ್ತು. ಉಳಿದವರು ಅಂಗಡಿಯ ಮುಂದೆ ನಿಂತು ಕೇಳುತ್ತಿದ್ದರು. ಗದಗಿನ ಬಾಲಕ ಭೀಮಸೇನ ಜೋಶಿಯವರು ಹೀಗೆಯೇ ಅಬ್ದುಲ್ ಕರೀಂ ಖಾನರ ತಟ್ಟೆಯನ್ನು ಕೇಳಿ ಮನಸೋತು, ಮುಂದೆ ಗುರುವನ್ನರಸಿ ಮನೆ ಬಿಟ್ಟು ಹೊರಟರು. ಬೀದಿಯ ಹಾಡೊಂದು ಕನ್ನಡ ನಾಡಿಗೂ ಮಹಾರಾಷ್ಟ್ರಕ್ಕೂ ಒಬ್ಬ ಮಹಾಗಾಯಕರನ್ನು ಕೊಟ್ಟಿತು.

ಬಳಿಕ ಬಂದದ್ದು ರೇಡಿಯೋ. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಅಲ್ಲಿಂದಲೇ ದೇಶಕ್ಕೆಲ್ಲ ಹಬ್ಬಿತು. ಧಾರವಾಡದ ಕೇಂದ್ರ 1950ರಲ್ಲಿಯೂ ಬೆಂಗಳೂರಿನದು 1955ರಲ್ಲಿಯೂ ಪ್ರಾರಂಭವಾದವು. 1964ರಲ್ಲಿ ನಾಸಿಕದ ಬಳಿ ಓಝರಿನಲ್ಲಿ ಹಿಂದುಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ವಿಮಾನ ಕಾರ್ಖಾನೆ ತಲೆಯೆತ್ತಿತು. ಅಲ್ಲಿ ಕೆಲಸಕ್ಕೆಂದು ಬಂದ ನಮ್ಮ ಅಜ್ಜನವರು ಕಂತಿನ ಮೇಲೆ ಒಂದು ರೇಡಿಯೋ ಕೊಂಡು, ಅಂಚೆ ಕಚೇರಿಯಲ್ಲಿ ಲೈಸೆನ್ಸಿನ ಶುಲ್ಕ ಕಟ್ಟಿ ಇಟ್ಟುಕೊಂಡರಂತೆ. ಸೂರ್ಯಾಸ್ತವಾದ ಮೇಲೆ ಮಧ್ಯಮ ತರಂಗಗಳು ಬಹುದೂರ ಸಾಗುವವಷ್ಟೆ? ರಾತ್ರಿ ಮುಳ್ಳನ್ನು ಮೆಲ್ಲಗೆ ಸರಿಸಿದರೆ ಕರಕರ ಸದ್ದಿನ ನಡುವೆ ಧಾರವಾಡ ಸಿಕ್ಕುತ್ತಿತ್ತು. ನೆರೆಯ ಎರಡು ಕನ್ನಡ ಮನೆಗಳವರೂ ಬಂದು ಕೂಡುತ್ತಿದ್ದರೆಂದು ನಮ್ಮ ಅಜ್ಜಿ ಇಂದಿಗೂ ಹೇಳುವರು. ಹಾಡು ಯಾವುದೆಂದು ನಿಲಯದವರು ಗೊತ್ತುಮಾಡುತ್ತಿದ್ದರು. ಕೇಳುವುದು ಮಾತ್ರ ಎಲ್ಲರ ಪಾಲಿನದು.

ತಂದೆಯವರ ಕಾಲಕ್ಕೆ ಕ್ಯಾಸೆಟ್ಟು ಬಂದಿತು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ಸ್ವರ ಕೂಡಿಸಿದ 'ನಿತ್ಯೋತ್ಸವ' ಧ್ವನಿಸುರುಳಿ ಹೊರಬಿದ್ದ ಮೇಲೆ ಭಾವಗೀತೆಗಳು ಮನೆಮನೆಯನ್ನು ಸೇರಿದವು. ಊರಿಗೆ ಹೋದವರು ಬರುವಾಗ ಮೆಣಸಿನಪುಡಿ, ಸಂಡಿಗೆಗಳೊಡನೆ ಎರಡು ಕ್ಯಾಸೆಟ್ಟುಗಳನ್ನೂ ತರುವರು. ಸುರುಳಿ ಸಿಕ್ಕಿಕೊಂಡರೆ ಪೆನ್ಸಿಲಿನಿಂದ ಸುತ್ತುವ ಕೆಲಸ ನಮ್ಮದು. ಕನ್ನಡ ಶಾಲೆಯ ಮೆಟ್ಟಿಲು ಹತ್ತದ ನಮಗೆ ಕನ್ನಡದ ನೂರಾರು ಮಾತುಗಳು ಕಿವಿಗೆ ಬಿದ್ದುದು ಆ ಪೆಟ್ಟಿಗೆಯಿಂದಲೇ.

ಇನ್ನು ಅಂತರ್ಜಾಲ. 1995ರ ಆಗಸ್ಟ್ 15ರಂದು ಇದು ನಮ್ಮ ದೇಶದ ಜನಸಾಮಾನ್ಯರಿಗೆ ತೆರೆಯಿತಾದರೂ, 2016ರಿಂದೀಚೆಗೆ ಮೊಬೈಲಿನ ಡೇಟಾ ಅಗ್ಗವಾದಂದಿನಿಂದ ಹಾಡುಗಳ ಹೊಳೆಯೇ ಮನೆಯೊಳಗೆ ಹರಿಯಿತು. ಕಳೆದ ನವರಾತ್ರಿಯಲ್ಲಿ ಅಜ್ಜಿಯವರು ಭೀಮಸೇನರ ಕಂಠದ ದಾಸರ ಪದವೊಂದನ್ನು ನೆನೆದರು. ಒಂಬತ್ತು ವರ್ಷದ ನಮ್ಮ ಮಗ ಅರ್ಧ ನಿಮಿಷದಲ್ಲಿ ಅದನ್ನು ಹುಡುಕಿ, ತನ್ನ ಇಯರ್‌ಫೋನನ್ನು ಅವರ ಕಿವಿಗೆ ಸಿಕ್ಕಿಸಿದ. ಅಜ್ಜಿ ಕೊಂಚ ಹೊತ್ತು ಕೇಳಿ, ಅದನ್ನು ತೆಗೆದಿಟ್ಟು, "ಒಬ್ಬಾಕೀನ ಕೂತು ಕೇಳಿದ್ರ ಹಾಡು ಮನಸ್ಸಿಗೆ ಹತ್ತೂದಿಲ್ಲಪಾ. ಎಲ್ಲಾರಿಗೂ ಕೇಳೂಹಂಗ ಹಚ್ಚು, ನೀನೂ ಬಾ," ಎಂದರು.

ಆ ಮಾತು ನಮ್ಮನ್ನು ಚುಚ್ಚಿತು. ನಾವು ಬ್ಯಾಂಕಿನಲ್ಲಿ ಲೆಕ್ಕ ಇಡುವವರು. ಇಲ್ಲಿಯೂ ಜಮಾ-ಖರ್ಚು ನೋಡಬೇಕಲ್ಲವೇ? ಅಜ್ಜನವರು ಕರಕರ ಸದ್ದಿನೊಳಗೆ ಅರಸಿದ ಮನಸೂರರೂ ಗಂಗೂಬಾಯಿಯವರೂ ಇಂದು ಬೆರಳ ತುದಿಯಲ್ಲಿದ್ದಾರೆ. ಇದು ಜಮಾ, ಅಂತರ್ಜಾಲವನ್ನು ಜರೆಯುವವರು ಇದನ್ನು ಮರೆಯಲಾಗದು. ಖರ್ಚಿನ ಬದಿ ಬೇರೆ. ಈ ಯಂತ್ರವು ಕೇಳುಗನೊಬ್ಬೊಬ್ಬನ ಹೆಸರಿಗೂ ಒಂದು ಖಾತೆ ತೆರೆದು, ನಿನ್ನೆ ಕೇಳಿದ್ದನ್ನು ಹೋಲುವ ಹಾಡನ್ನೇ ಇಂದು ಮುಂದೊಡ್ಡುತ್ತದೆ. ಶಾಲೆಯ ಗೆಳೆಯರೊಡನೆ ಹಿಂದಿ, ಮರಾಠಿ ಹಾಡು ಕೇಳುವ ಮಗುವಿಗೆ ಅದು ಕನ್ನಡವನ್ನು ತಾನಾಗಿ ತಂದುಕೊಡದು. ಆ ಹಾಡುಗಳಲ್ಲಿ ದೋಷವಿಲ್ಲ; ಕನ್ನಡವನ್ನು ಕೇಳಿದವರಿಗೆ ಮಾತ್ರ ಅದು ಕನ್ನಡ ಕೊಡುತ್ತದೆ, ಅಷ್ಟೇ. ಮಗು ಅದನ್ನು ಕೇಳಬೇಕಾದರೆ ಅದರ ರುಚಿಯನ್ನು ಯಾರಾದರೂ ಮೊದಲು ಹತ್ತಿಸಿರಬೇಕು. ಹಿಂದೆ ಆ ಕೆಲಸವನ್ನು ಧಾರವಾಡದ ನಿಲಯವೂ ತಂದೆಯವರ ಕ್ಯಾಸೆಟ್ಟೂ ಮಾಡುತ್ತಿದ್ದವು. ಈಗ ಅದು ನಮ್ಮ ಪಾಲಿಗೆ ಬಂದಿದೆ.

ಅಂದಿನಿಂದ ನಮ್ಮ ಮನೆಯಲ್ಲಿ ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ ಇಯರ್‌ಫೋನಿಗೆ ರಜೆ. ಒಂದು ದಿನ ಅಜ್ಜಿಯ ಹಾಡು, ಒಂದು ದಿನ ಮಗನದು. ಮೊನ್ನೆ ಅವನು ಹಾಡಿನ ನಡುವೆ ತಡೆದು ಒಂದು ಮಾತಿನ ಅರ್ಥ ಕೇಳಿದ. ನಮಗೂ ತಿಳಿಯಲಿಲ್ಲ, ಅಜ್ಜಿ ಹೇಳಿದರು. ಹೊರನಾಡಿನಲ್ಲಿರುವ ಕನ್ನಡ ಬಂಧುಗಳು ತಮ್ಮ ತಮ್ಮ ಮನೆಗಳಲ್ಲಿ ಇಷ್ಟನ್ನು ನಡೆಸಿಕೊಂಡು ಬರಲೆಂದು ಈ ರಾಜ್ಯೋತ್ಸವದ ಶುಭದಿನದಂದು ನಮ್ಮ ವಿನಮ್ರ ಪ್ರಾರ್ಥನೆ.