ಕಾವಲಿಯ ಮುಂದೆ ನಿಂತ ಕಾಲುಗಳು

ಪುಣೆಯ ಶಿವಾಜಿನಗರಕ್ಕೆ ಹಿಂದೆ ಭಾಂಬುರ್ಡೆ ಎಂಬ ಹೆಸರಿತ್ತು. ರಾಷ್ಟ್ರಕೂಟರ ಕಾಲದ ಪಾತಾಳೇಶ್ವರ ಗುಹೆ ಇರುವುದು ಇಲ್ಲೇ. ಅಲ್ಲಿಂದ ಕೂಗಳತೆಯ ಫರ್ಗ್ಯುಸನ್ ಕಾಲೇಜು ರಸ್ತೆಗೆ ನಮ್ಮ ಕರಾವಳಿಯ ಹುಡುಗರು ಬಂದದ್ದು ಹೊಟ್ಟೆಪಾಡಿಗೆ. 1949ರಲ್ಲಿ ಹದಿಹರೆಯದಲ್ಲೇ ಪುಣೆ ಸೇರಿದ ಜಗನ್ನಾಥ ಶೆಟ್ಟಿಯವರು ತೆರೆದ ಕೆಫೆ ಮದ್ರಾಸ್, ಮದ್ರಾಸ್ ಹೆಲ್ತ್ ಹೋಮ್‌ಗಳೇ ಮುಂದೆ ರೂಪಾಲಿ, ವೈಶಾಲಿ ಎಂದು ಹೆಸರಾದವು. 2023ರಲ್ಲಿ ಅವರು ತೀರಿಕೊಂಡಾಗ ಇಡೀ ಪುಣೆ ಅವರನ್ನು ನೆನೆಯಿತು. ಮಾಲೀಕರ ಸಾಹಸ, ಸಾಂಬಾರಿನ ರುಚಿ ಬೇಕಾದಷ್ಟು ದಾಖಲಾಗಿದೆ. ಅಡುಗೆಮನೆಯಲ್ಲಿ ನಿಂತವರ ಕಾಲುಗಳ ಬಗ್ಗೆ ಯಾರೂ ಬರೆದದ್ದು ನಾನು ಓದಿಲ್ಲ.

ಆ ಕಡೆಯ ಒಂದು ಹೋಟೆಲಿನಲ್ಲಿ ನನ್ನ ದೊಡ್ಡಪ್ಪ ದೋಸೆ ಭಟ್ಟರು. ಶಾಲೆ ಬಿಟ್ಟ ನಾನು ಅಲ್ಲೇ ಸಪ್ಲೈಯರ್ ಆದೆ. ರಾತ್ರಿ ಅಟ್ಟದಲ್ಲಿ ದೊಡ್ಡಪ್ಪ ಅಕ್ಕಿಮೂಟೆಯ ಮೇಲೆ ಕಾಲಿಟ್ಟೇ ಮಲಗುತ್ತಿದ್ದರು. ಮೊಣಕಾಲ ಹಿಂದಿನಿಂದ ಹಸಿರುಗಟ್ಟಿದ ನರಗಳು ಗಂಟುಗಂಟಾಗಿ ಇಳಿದಿದ್ದವು. ಹರಡಿನ ಹತ್ತಿರ ಚರ್ಮ ಕಪ್ಪಾಗಿ ಬಿರುಸಾಗಿತ್ತು. ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು, ಎಷ್ಟೋ ಹೊತ್ತು ಹಾಗೇ ಉಳಿಯುತ್ತಿತ್ತು. ದಿನವಿಡೀ ಓಡಾಡುತ್ತಿದ್ದ ನಮ್ಮ ಕಾಲು ನೋಯುತ್ತಿತ್ತೇ ಹೊರತು ಹೀಗೆ ಊದಿಕೊಳ್ಳುತ್ತಿರಲಿಲ್ಲ.

ಅದಕ್ಕೆ ಕಾರಣ ನನಗೆ ತಿಳಿದದ್ದು ಬಹಳ ತಡವಾಗಿ. ನಮ್ಮ ಮೈಯಲ್ಲಿ ಸುಮಾರು 5 ಲೀಟರ್ ರಕ್ತವಿದೆ. ಅದರಲ್ಲಿ ಮೂರರಲ್ಲಿ ಎರಡು ಪಾಲು ಯಾವಾಗಲೂ ಇರುವುದು ಅಭಿಧಮನಿಗಳಲ್ಲಿ, ಅಂದರೆ ಹೃದಯಕ್ಕೆ ಹಿಂದಿರುಗುವ ನಾಳಗಳಲ್ಲಿ. ಅವುಗಳ ಗೋಡೆ ತೆಳು, ಹಿಗ್ಗುವ ಗುಣ ಹೆಚ್ಚು. ಹಾಗಾಗಿ ಅವೇ ದೇಹದ ರಕ್ತದ ಕಣಜ. ಮಲಗಿದವನು ಎದ್ದು ನಿಂತರೆ ಅರ್ಧ ಲೀಟರಿನಷ್ಟು ರಕ್ತ ಕೆಳಗಿಳಿಯುತ್ತದೆ. ಅದನ್ನು ಮೇಲಕ್ಕೆತ್ತುವ ಕೆಲಸದಲ್ಲಿ ಉಸಿರಾಟದ ಪಾಲೂ ಇದೆ, ಆದರೆ ಕಾಲಿನ ಮಟ್ಟಿಗೆ ದೊಡ್ಡ ದುಡಿಮೆ ಮೀನಖಂಡದ್ದು. ಹೆಜ್ಜೆ ಹಾಕಿದಾಗಲೆಲ್ಲ ಅದು ನಾಳವನ್ನು ಹಿಂಡುತ್ತದೆ. ಒಳಗಿನ ಪುಟ್ಟ ಕವಾಟಗಳು ರಕ್ತ ಕೆಳಕ್ಕೆ ಜಾರದಂತೆ ಮುಚ್ಚಿಕೊಳ್ಳುತ್ತವೆ. ಅಲುಗದೆ ನಿಂತರೆ ಹರಡಿನ ಬಳಿ ಒತ್ತಡ ಪಾದರಸದ 80–90 ಮಿಲಿಮೀಟರಿಗೆ ಏರುತ್ತದೆ, ನಡೆದರೆ 30ರ ಆಸುಪಾಸಿಗೆ ಇಳಿಯುತ್ತದೆ. ಸಪ್ಲೈಯರ್ ನಡೆಯುತ್ತಾನೆ, ಭಟ್ಟರು ನಿಲ್ಲುತ್ತಾರೆ. ಸಾಲದ್ದಕ್ಕೆ ಕಾವಲಿಯ ಬಿಸಿ ನಾಳಗಳನ್ನು ಇನ್ನಷ್ಟು ಸಡಿಲಿಸುತ್ತದೆ. ವರ್ಷಗಟ್ಟಲೆ ಹೀಗೇ ನಡೆದರೆ ನಾಳ ಹಿಗ್ಗಿ, ಕವಾಟದ ಬಾಗಿಲುಗಳು ಒಂದಕ್ಕೊಂದು ಕೂಡದಂತಾಗುತ್ತವೆ. ನಿಂತು ದುಡಿದವರಿಗೆಲ್ಲ ಹೀಗಾಗುವುದಿಲ್ಲ, ವಂಶದ ಪಾಲೂ ಇದೆ. ಆದರೆ ನಿಲ್ಲುವ ಕಸುಬು ಅಪಾಯವನ್ನು ಹೆಚ್ಚಿಸುತ್ತದೆ.

ಈ ಕವಾಟಗಳ ವಿವರವನ್ನು ಇಟಲಿಯ ಪಡುವಾದಲ್ಲಿ ಫ್ಯಾಬ್ರಿಸಿಯಸ್ 1603ರಲ್ಲಿ ಪ್ರಕಟಿಸಿದ. ರಕ್ತವೆಲ್ಲ ಪಾದಕ್ಕೆ ನುಗ್ಗದಂತೆ ಅವು ತಡೆಯುತ್ತವೆ ಎಂದಷ್ಟೇ ಅವನ ಎಣಿಕೆ. ಅವನ ಶಿಷ್ಯ ವಿಲಿಯಂ ಹಾರ್ವೆ ತೋಳಿಗೆ ಪಟ್ಟಿ ಬಿಗಿದು, ಉಬ್ಬಿದ ನಾಳದ ರಕ್ತವನ್ನು ಬೆರಳಿನಿಂದ ಕೈಯ ಕಡೆಗೆ ನೂಕಿ ನೋಡಿದ, ಹೋಗಲಿಲ್ಲ. ಹೃದಯದ ಕಡೆಗೆ ಸವರಿದರೆ ಸರಾಗವಾಗಿ ಹೋಯಿತು. ರಕ್ತ ಸುತ್ತಿ ಬರುತ್ತದೆ ಎಂಬುದಕ್ಕೆ 1628ರ ಅವನ ಪುಸ್ತಕದಲ್ಲಿ ಇದೂ ಒಂದು ಪುರಾವೆ. ಮುಂಗೈಯ ನಾಳದ ಮೇಲೆ ಇದನ್ನು ನೀವೂ ಮಾಡಿ ನೋಡಬಹುದು.

ದೊಡ್ಡಪ್ಪನಿಗೆ ಹಾರ್ವೆ ಗೊತ್ತಿರಲಿಲ್ಲ, ಅಕ್ಕಿಮೂಟೆ ಗೊತ್ತಿತ್ತು. ಕಾಲು ಹೃದಯಕ್ಕಿಂತ ಮೇಲಿದ್ದರೆ ರಕ್ತ ತಾನಾಗಿ ಇಳಿದುಬರುತ್ತದೆ. ಇಂದಿನ ವೈದ್ಯರೂ ಅದನ್ನೇ ಹೇಳುತ್ತಾರೆ, ಜೊತೆಗೆ ಬಿಗಿ ಕಾಲುಚೀಲ ಕೊಡುತ್ತಾರೆ. ಆದರೆ ಹಗಲಲ್ಲಿ ಒಂದು ಗಳಿಗೆ ಕೂರಲು ದೊಡ್ಡಪ್ಪನಿಗೆ ಸ್ಟೂಲು ಸಿಗಲಿಲ್ಲ. ಕೂತ ಭಟ್ಟರನ್ನು ಸೋಮಾರಿ ಎನ್ನುವ ಪದ್ಧತಿ ನಮ್ಮ ಹೋಟೆಲಿನಲ್ಲಿತ್ತು. ಅದು ತಪ್ಪು ಪದ್ಧತಿ.

ಕೋಯಿಕ್ಕೋಡಿನ ಅಂಗಡಿಗಳಲ್ಲಿ ದುಡಿಯುವ ಹೆಣ್ಣುಮಕ್ಕಳು ಕೂರುವ ಹಕ್ಕಿಗಾಗಿ ಹೋರಾಡಿದರು. 2018ರಲ್ಲಿ ಕೇರಳ ಕಾನೂನು ತಿದ್ದಿತು, 2021ರಲ್ಲಿ ತಮಿಳುನಾಡೂ ತಿದ್ದಿತು. ಹೋಟೆಲು ನಡೆಸುವ ನಮ್ಮೂರ ಬಂಧುಗಳು ಸರಕಾರ ಹೇಳುವ ತನಕ ಕಾಯಬೇಕಿಲ್ಲ. ಕಾವಲಿಯ ಪಕ್ಕ ಒಂದು ಎತ್ತರದ ಸ್ಟೂಲು ಇಡಿ, ಗಂಟೆಗೊಮ್ಮೆ ಭಟ್ಟರನ್ನು ನಾಲ್ಕು ಹೆಜ್ಜೆ ನಡೆಯಲು ಬಿಡಿ.